ಪಟ್ಟ್ಯಾನ ಬಾವು

ಶೇಖಸಾಬ ನದಾಫ ಮಾಡಿದ ತಪ್ಪು ಇಷ್ಟೇ. ನಾಯಿಯ ಕಾಲು ಹಿಡಿದಿದ್ದ.

ಅದೂ ತಾನಾಗಿ ಹಿಡಿದದ್ದಲ್ಲ. ಎಪ್ಪತ್ತೊಂಬತ್ತನೇ ಇಸವಿಯ ಚಳಿಗಾಲದ ಒಂದು ಭಾನುವಾರ ತೆಗ್ಗಿನಕೊಪ್ಪಕ್ಕೆ ಜೀಪಿನಲ್ಲಿ ಒಬ್ಬ ಡಾಕ್ಟರರು ಬಂದರು. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಬಿದ್ದುಕೊಂಡಿದ್ದ ಆ ಊರಿಗೆ ಜೀಪು ಬರುವುದೇ ಅಪರೂಪ. ಹಿಂದಿನ ಬೇಸಿಗೆಯಲ್ಲಿ ಹುಚ್ಚುನಾಯಿಯೊಂದು ಎರಡು ಎಮ್ಮೆಗಳನ್ನು ಕಚ್ಚಿತ್ತು. ಎರಡೂ ಸತ್ತವು. ಅಂದಿನಿಂದ ಪಂಚಾಯಿತಿಯ ಚೇರಮನ್ನರಿಗೆ ಊರ ನಾಯಿಗಳ ಸಂತಾನದ್ದೇ ಚಿಂತೆ. ಪೇಪರಿನಲ್ಲಿ ಏನೋ ಓದಿ, ಯಾರಿಗೋ ಕಾಗದ ಬರೆದು, ಈ ಡಾಕ್ಟರರನ್ನು ಕರೆಸಿದ್ದರು.

"ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಗಂಡುನಾಯಿಗೆ ಎಡಕ್ಕೊಂದು, ಬಲಕ್ಕೊಂದು ಸೂಜಿ. ಅಲ್ಲಿಗೆ ವಂಶ ಬಂದ್," ಎಂದು ಡಾಕ್ಟರರು ಚಾವಡಿ ಕಟ್ಟೆಯ ಮೇಲೆ ನಿಂತು ವಿವರಿಸಿದಾಗ, ಕೇಳುತ್ತಿದ್ದ ಗಂಡಸರು ಗೊತ್ತಿಲ್ಲದೇ ಕಾಲು ಕೂಡಿಸಿ ನಿಂತರು.

ಹದಿಮೂರು ನಾಯಿಗಳಿಗೆ ಸೂಜಿ ಬಿತ್ತು. ಹದಿನಾಲ್ಕನೆಯದು ಶೇಖಸಾಬನ ಗಾದಿ ಅಂಗಡಿಯ ಮುಂದೆ ಹತ್ತಿಯ ಕಸದ ಮೇಲೆ ಮಲಗುತ್ತಿದ್ದ ಬೀದಿನಾಯಿ. ಕರಿ ಮೈ, ಕೊರಳಿಗೆ ಬಿಳಿ ಪಟ್ಟಿ. ಅದಕ್ಕೇ ಓಣಿಯವರು ಪಟ್ಟ್ಯಾ ಅನ್ನುತ್ತಿದ್ದರು. ಪಂಚಾಯಿತಿಯ ಸಿಪಾಯಿ ಗೋಣೆಪ್ಪ ತಂತಿ ಹಿಡಿದು ಹೋದರೆ ಹಲ್ಲು ಕಿರಿಯಿತು.

"ಶೇಖಣ್ಣಾ, ನಿನ್ನ ಕಂಡ್ರ ಬಾಲ ಅಳ್ಳಾಡಸ್ತೈತಿ. ಒಂಚೂರ ಹಿಡಿಯೋ," ಎಂದ ಗೋಣೆಪ್ಪ.

ಕೇಳಿದವರಿಗೆ ಇಲ್ಲ ಅನ್ನುವುದು ಶೇಖಸಾಬನಿಗೆ ಹುಟ್ಟಿನಿಂದ ಬಂದಿರಲಿಲ್ಲ. ಹಿಡಿದ. ಸೂಜಿ ಚುಚ್ಚುವಾಗ ನಾಯಿ ಡಾಕ್ಟರರನ್ನು ನೋಡಲಿಲ್ಲ, ಗೋಣೆಪ್ಪನನ್ನೂ ನೋಡಲಿಲ್ಲ. ಶೇಖಸಾಬನನ್ನು ನೋಡಿತು. ಆ ರಾತ್ರಿ ಅವನಿಗೆ ರೊಟ್ಟಿ ಸೇರಲಿಲ್ಲ.

ಡಾಕ್ಟರರು ಚಹಾ ಕುಡಿದು ಜೀಪು ಹತ್ತಿ ಹೋದರು. ಮತ್ತೆ ಅವರನ್ನು ಯಾರೂ ಕಾಣಲಿಲ್ಲ.

ಬುಧವಾರ ಮುಂಜಾನೆ ಶೇಖಸಾಬ ಅಂಗಡಿಯ ಹಿಂದಿನ ಹತ್ತಿ ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಯಳವತ್ತಿಯ ಒಂದು ಮದುವೆಗೆಂದು ನಾಲ್ಕು ದಿನ ಕೂತು ತುಂಬಿದ್ದ ಜೋಡಿ ಗಾದಿಯ ಮೇಲೆ ಪಟ್ಟ್ಯಾ ಮಲಗಿತ್ತು. ಮಧ್ಯಾಹ್ನ ಚಕ್ಕಡಿ ಬಂದು ಒಯ್ಯಬೇಕಾದ ಗಾದಿ. ಹೊಸಾ ಗುಲಾಬಿ ಬಣ್ಣದ ಬಟ್ಟೆಯ ಮೇಲೆ ಎರಡು ಕಡೆ ವಾಂತಿ, ಒಂದು ಕಡೆ ರಕ್ತ. ನಾಯಿಯ ಹಿಂಗಾಲುಗಳ ನಡುವೆ ಇದ್ದದ್ದು ಈಗ ಗುಂಡು ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು. ನೆಕ್ಕಿ ನೆಕ್ಕಿ ತೊಗಲು ಸುಲಿದಿತ್ತು.

"ಬಾನೂ," ಎಂದು ಕೂಗಿದ.

ಹೆಂಡತಿ ಬಾನುಬಿ ಬಂದು ಮೊದಲು ಗಾದಿ ನೋಡಿದಳು, ಆಮೇಲೆ ನಾಯಿ ನೋಡಿದಳು, ಕಡೆಗೆ ಗಂಡನನ್ನು ನೋಡಿದಳು. "ಊರಾಗ ಇಷ್ಟ ಮಂದಿ ಅದಾರ. ಕಾಲು ಹಿಡಿಯಾಕ ನೀವ ಬೇಕಾಗಿತ್ತೇನ್ರಿ?" ಎಂದಷ್ಟೇ ಅಂದು, ಬಕೆಟ್ಟು ತರಲು ಒಳಗೆ ಹೋದಳು.

ಖಬರು ಓಣಿಯಲ್ಲಿ ಹತ್ತಿಯ ಎಳೆಯಂತೆ ಹಾರಿತು. ಎದುರಿನ ಚಹಾದ ಅಂಗಡಿಯ ಸಕ್ರಪ್ಪ ಒಲೆಯ ಮೇಲೆ ಹಾಲು ಬಿಟ್ಟು ಬಂದ. ಪಕ್ಕದ ಮನೆಯ ರಹಿಮತಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ರಿಟಾಯರ್ ಆದ ನರಸಿಂಹ ಮಾಸ್ತರರೂ ಬಂದರು. ಅವರು ಬಂದ ಕೂಡಲೇ ಇಬ್ಬರು ಮೂವರು ಗಂಡಸರು ಹಿಂದೆ ಸರಿದು ಧೋತರ ಬಿಗಿ ಮಾಡಿಕೊಂಡರು. ಮೂರು ವರ್ಷದ ಹಿಂದೆ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಸಂತಾನಹರಣದ ಆಪರೇಷನ್ನಿಗೆ ಮಂದಿ ತರಬೇಕೆಂದು ಸಾಹೇಬರು ಮಾಸ್ತರರ ಬೆನ್ನು ಹತ್ತಿದ್ದರು, ಮಾಸ್ತರರು ಊರ ಗಂಡಸರ ಬೆನ್ನು ಹತ್ತಿದ್ದರು. ಆ ಅಂಜಿಕೆ ಇನ್ನೂ ಹೋಗಿರಲಿಲ್ಲ.

"ಬಿಸಿ ಕಾವು ಕೊಡಬೇಕ. ಬಾವು ಇಳೀತೈತಿ," ಎಂದ ಸಕ್ರಪ್ಪ.

"ಬಿಸಿ ಕೊಟ್ರ ಒಡೀತೈತಿ. ತಣ್ಣೀರ ಅರಿವಿ ಇಡ್ರಿ," ಎಂದಳು ರಹಿಮತಬಿ.

ಇಬ್ಬರೂ ಸೋಲಲಿಲ್ಲ. ಸಕ್ರಪ್ಪ ಒಲೆಯಿಂದ ಬಿಸಿ ಇಟ್ಟಿಗೆ ತಂದು ಅರಿವೆ ಸುತ್ತಿದ. ರಹಿಮತಬಿ ಹಂಡೆಯ ನೀರು ತಂದಳು. ಒಂದು ಸಲ ಅವನು, ಒಂದು ಸಲ ಅವಳು. ಮಾಸ್ತರರು, "ಶೇಖಸಾಬ, ನೀ ಒಂಚೂರು ಹಿಡಿ. ನಿನ್ನ ಮಾತು ಕೇಳ್ತೈತಿ," ಎಂದರು.

ಅವನು ಮತ್ತೆ ಹಿಡಿದ.

ಈ ಸಲ ಪಟ್ಟ್ಯಾ ನೋಡುತ್ತ ಕೂಡಲಿಲ್ಲ. ಇಟ್ಟಿಗೆ ತಾಗಿದ್ದೇ ತಡ, ಶೇಖಸಾಬನ ಬಲಗೈಗೆ ಬಾಯಿ ಹಾಕಿತು. ಹತ್ತಿ ಹಿಂಜುವ ಬಿಲ್ಲು ಮೀಟುವ ಕೈ ಅದು. ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹಲ್ಲು ಇಳಿದವು.

"ಹುಚ್ಚ! ಹುಚ್ಚ ಹಿಡದೈತಿ!" ಎಂದು ರಹಿಮತಬಿ ಚೀರಿದಳು. "ಹೊಡದ ಹಾಕ್ರಿ ಇದನ್ನ!"

ಬಡಿಗೆಗಳು ಎಲ್ಲಿಂದ ಬಂದವೋ. ಆಗ ಮಾಸ್ತರರು ಕೈ ಎತ್ತಿ, ತರಗತಿಯಲ್ಲಿ ಹೇಳುವ ದನಿಯಲ್ಲಿ ಹೇಳಿದರು: "ಹೊಡೀಬ್ಯಾಡ್ರಿ. ಕಚ್ಚಿದ ನಾಯಿ ಹತ್ತು ದಿವಸ ಬದುಕಿದ್ರ ಅದಕ್ಕ ಹುಚ್ಚಿಲ್ಲಂತ ಲೆಕ್ಕ. ಅಷ್ಟರಾಗ ಅದು ಸತ್ರ ಶೇಖಸಾಬಗ ಹದಿನಾಲ್ಕು ಇಂಜೆಕ್ಷನ್ನು. ಹೊಕ್ಕಳದ ಸುತ್ತ."

ಶೇಖಸಾಬ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಹದಿನಾಲ್ಕು ಹಿಡಿಸುವಷ್ಟು ಜಾಗವೇ ಅಲ್ಲಿ ಕಾಣಲಿಲ್ಲ. ಮರುಗಳಿಗೆಯಲ್ಲಿ ಅವನು ನಾಯಿಗೂ ಬಡಿಗೆಗಳಿಗೂ ನಡುವೆ ನಿಂತಿದ್ದ. ಜೀವಮಾನದಲ್ಲಿ ಮೊದಲ ಸಲ ಊರವರಿಗೆ ಎದುರಾಡಿದ್ದ. ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಇದನ್ನ ಯಾರೂ ಮುಟ್ಟಬ್ಯಾಡ್ರಿ. ಇದು ಸಾಯಂಗಿಲ್ಲ," ಎಂದ.

ಅವನ ತಾಯಿ ಮೋತಿಬಿ ಬಾಗಿಲಲ್ಲಿ ಜಪಮಣಿ ಹಿಡಿದು ನಿಂತಿದ್ದಳು. ಐದು ಹೊತ್ತು ನಮಾಜು ಬಿಡದ ಮುದುಕಿ. ನಾಯಿ ಸುಳಿದರೆ ಸೀರೆ ಎತ್ತಿ ದೂರ ಹೋಗುವವಳು. ಅವಳೇ ಒಂದು ಒಡಕು ಬೋಗುಣಿಯಲ್ಲಿ ನೀರು ತಂದು ಪಟ್ಟ್ಯಾನ ಮುಂದೆ ಇಟ್ಟಳು. "ಶಿರಹಟ್ಟಿಗೆ ಒಯ್ಯಿ, ಶೇಖಾ. ಜಲ್ದಿ ಹೋಗು," ಎಂದಳು. ಮಗನ ಕೈಯನ್ನು ಸಾಬೂನು ಹಚ್ಚಿ ತಾನೇ ತೊಳೆದಳು.

ನಾಯಿಯನ್ನು ಬಸ್ಸಿನಲ್ಲಿ ಒಯ್ಯಲು ಬಿಡುವುದಿಲ್ಲವೆಂದು ಸಕ್ರಪ್ಪನೇ ಉಪಾಯ ಹೇಳಿದ. ಹತ್ತಿಯ ದೊಡ್ಡ ಚೀಲದಲ್ಲಿ ಒಂದಿಷ್ಟು ಹತ್ತಿ ಹಾಸಿ, ಮೇಲೆ ಪಟ್ಟ್ಯಾನನ್ನು ಮಲಗಿಸಿ, ಉಸಿರಾಡಲು ಬಾಯಿ ಸಡಿಲಾಗಿ ಕಟ್ಟಿದರು. ಜ್ವರದಲ್ಲಿ ಬೆಂದ ನಾಯಿ ಸುಮ್ಮನೇ ಇತ್ತು. ಚೀಲ ಬಸ್ಸು ಏರಿತು. ಮೂರು ಮೈಲಿ ಸುಖವಾಗಿ ಸಾಗಿತು. ನಾಲ್ಕನೇ ಮೈಲಿಗೆ ರಸ್ತೆಯ ತೆಗ್ಗಿನಲ್ಲಿ ಬಸ್ಸು ಹಾರಿ ಬಿತ್ತು. ಚೀಲ ನರಳಿತು.

ಕಂಡಕ್ಟರ್ ಬಂದು ನಿಂತ. "ಏನೈತಿ ಇದರಾಗ?"

"ಹತ್ತಿ ಐತ್ರಿ."

"ನಿಮ್ಮೂರ ಹತ್ತಿ ಕುಂಯ್ ಅಂತೈತೇನು?"

ಚೀಲ ಮತ್ತೆ ಕುಂಯ್ ಅಂದಿತು. ಹಿಂದಿನ ಸೀಟಿನ ಹೆಂಗಸೊಬ್ಬಳು ಸೀಟಿನ ಮೇಲೆ ಕಾಲಿಟ್ಟು ಕೂತಳು. ಶೇಖಸಾಬ ನಿಜ ಹೇಳಿದ. ನಾಯಿ ಎಂದ. ರೋಗದ ನಾಯಿ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ತನಗೆ ಕಚ್ಚಿದೆ ಎಂದೂ ಹೇಳಿದ. ಬಸ್ಸು ಅಲ್ಲೇ ನಿಂತಿತು.

ಉಳಿದ ದಾರಿ ಅವನು ನಾಯಿಯನ್ನು ಬೆನ್ನ ಮೇಲೆ ಹೊತ್ತು ನಡೆದ. ಎರೆಹೊಲಗಳ ನಡುವೆ ನೆರಳೇ ಇರಲಿಲ್ಲ. ಎದುರು ಬಂದವರು, "ಶೇಖಪ್ಪಾ, ಯಾರ ಮನಿ ಗಾದಿ?" ಎಂದು ಕೇಳಿದರು. "ನಂದ," ಎಂದು ಹೇಳುತ್ತ ನಡೆದ. ಚೀಲದೊಳಗಿನ ಬಿಸಿ ಅವನ ಬೆನ್ನಿಗೆ ತಾಗುತ್ತಿತ್ತು. ಒಮ್ಮೆ ಆ ಬಿಸಿ ಅಲುಗದೇ ಹೋದಾಗ ಚೀಲ ಇಳಿಸಿ, ಬಾಯಿ ಬಿಚ್ಚಿ ನೋಡಿದ. ಪಟ್ಟ್ಯಾ ಕಣ್ಣು ತೆರೆಯಿತು. ಕಚ್ಚಿದ್ದ ಕೈಯನ್ನು ಒಮ್ಮೆ ನೆಕ್ಕಿತು. ಶೇಖಸಾಬನಿಗೆ ಹದಿನಾಲ್ಕು ಸೂಜಿಗಳು ಮರೆತೇ ಹೋದವು. ರಸ್ತೆಯ ಬದಿಗೆ ಕೂತು ಸ್ವಲ್ಪ ಅತ್ತ. ಆಮೇಲೆ ಮತ್ತೆ ಹೊತ್ತುಕೊಂಡ.

ಶಿರಹಟ್ಟಿಯ ದನದ ದವಾಖಾನೆಯಲ್ಲಿದ್ದ ವಯಸ್ಸಾದ ಡಾಕ್ಟರರು ಚೀಲ ಬಿಚ್ಚಿಸಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಯಾರು ಮಾಡಿದ್ದಿದು?"

ಶೇಖಸಾಬ ಹೇಳಿದ.

"ಔಷಧ ಒಳಗ, ನಟ್ಟನಡುವ ಬೀಳಬೇಕು. ಇಲ್ಲಿ ಹೊರಗ ಸೋರಿ ತೊಗಲು ಸುಟ್ಟೈತಿ. ಅದಕ್ಕ ಬಾವು, ಅದಕ್ಕ ಜ್ವರ, ಅದಕ್ಕ ವಾಂತಿ. ಉರೀ ತಾಳಲಾರದ ನೆಕ್ಕೈತಿ, ನೆಕ್ಕಿದ್ದಕ್ಕ ಹುಣ್ಣಾಗೈತಿ. ಅದರ ಮ್ಯಾಲ ಯಾರೋ ಕಾವು ಬ್ಯಾರೇ ಕೊಟ್ಟಾರ."

"ಬಿಸಿ ಇಟ್ಟಂಗೀದ್ರಿ," ಎಂದ ಶೇಖಸಾಬ, ತಲೆ ತಗ್ಗಿಸಿ.

ಡಾಕ್ಟರರು ಹುಣ್ಣು ತೊಳೆದು, ಮುಲಾಮು ಹಚ್ಚಿ, ಎರಡು ಸೂಜಿ ಹಾಕಿದರು. "ಹುಚ್ಚಲ್ಲ ಇದು, ನೋವು. ಆದ್ರೂ ಹತ್ತು ದಿವಸ ಕಟ್ಟಿ ಹಾಕಿ ನೋಡು. ಸತ್ರ ಅವತ್ತ ಮಂದೀ ದವಾಖಾನಿಗೆ ಓಡು. ಮತ್ತ ಇದನ್ನ ನೆಕ್ಕಗೊಡಬ್ಯಾಡ. ಕೊರಳಿಗೆ ಏನರ ಅಡ್ಡ ಕಟ್ಟು." ಕೈ ತೊಳೆಯುತ್ತ ಕೇಳಿದರು: "ಹದಿನಾಲ್ಕು ನಾಯಿಗೆ ಮಾಡ್ಯಾರಂದಿ. ಉಳಿದ ಹದಿಮೂರು ಹೆಂಗದಾವ?"

ಶೇಖಸಾಬನಿಗೆ ಉತ್ತರ ಗೊತ್ತಿರಲಿಲ್ಲ. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ನೋಡಿರಲಿಲ್ಲ.

ಔಷಧದ ಲಾರಿಯೊಂದು ಅವನನ್ನು ಊರ ಹತ್ತಿರ ಇಳಿಸಿದಾಗ ಎರಡು ಗಂಟೆ. ಯಳವತ್ತಿಯ ಚಕ್ಕಡಿ ಬಂದು, ಕಲೆಯ ಗಾದಿ ನೋಡಿ, ಬರಿದೇ ಹೋಗಿತ್ತು. ಗದಗಿನಲ್ಲಿ ತಯಾರು ಗಾದಿ ಸಿಗುತ್ತವೆ, ಇನ್ನು ಮೇಲೆ ಅಲ್ಲಿಂದಲೇ ತರುತ್ತೇವೆ ಎಂದು ಹೇಳಿ ಹೋಗಿದ್ದರಂತೆ. ಬಾನುಬಿ ಇದನ್ನು ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿದ್ದರೇ ವಾಸಿ ಇತ್ತು.

ಅವನು ಅನ್ನ ಉಣ್ಣಲಿಲ್ಲ. ಅದೇ ಗುಲಾಬಿ ಬಟ್ಟೆಯಲ್ಲಿ ಕಲೆ ಇಲ್ಲದ ಭಾಗ ಕತ್ತರಿಸಿ, ಎಡಗೈಯಿಂದ ಹತ್ತಿ ತುರುಕಿ, ಬಾನುಬಿಯಿಂದ ಹೊಲಿಸಿ, ತೊಡೆಯಷ್ಟು ದಪ್ಪನೆಯ ಒಂದು ಸಿಂಬೆ ಮಾಡಿದ. ಪಟ್ಟ್ಯಾನ ಕೊರಳಿಗೆ ಅದನ್ನು ಹಾಕಿದಾಗ ನಾಯಿ ಹಿಂದಕ್ಕೆ ತಿರುಗಿ ನೆಕ್ಕಲು ಬಾರದೆ, ಹಾರ ಹಾಕಿಸಿಕೊಂಡು ಮಂಟಪದಲ್ಲಿ ಬೇಸತ್ತ ಮದುಮಗನಂತೆ ಕೂತಿತು. ಸಕ್ರಪ್ಪ ನೋಡಿ ನಕ್ಕ. ಇಡೀ ದಿನದಲ್ಲಿ ನಕ್ಕವನು ಅವನೊಬ್ಬನೇ. ಅವನ ನಗೆಯೂ ಅರ್ಧಕ್ಕೆ ನಿಂತಿತು.

ಆಮೇಲೆ ಶೇಖಸಾಬ ಉಳಿದ ಹದಿಮೂರನ್ನು ಹುಡುಕಲು ಹೊರಟ. ಸಕ್ರಪ್ಪನೂ ಹೋದ. ಗಿರಣಿಯ ಹಿಂದೆ ಒಂದು ಸತ್ತು ಬಿದ್ದಿತ್ತು, ಇರುವೆ ಹತ್ತಿದ್ದವು. ನಾಲ್ಕಕ್ಕೆ ಬಾವು ಬಂದಿತ್ತು. ಒಂದು ಊರಬಾಗಿಲ ಅಗಸಿಯ ಕೆಳಗೆ ನೀರಿನ ಕಡೆ ತೆವಳುತ್ತಿತ್ತು. ಆರು ಚೆನ್ನಾಗಿಯೇ ಓಡಾಡಿಕೊಂಡಿದ್ದವು. ಒಂದು ಸಿಗಲೇ ಇಲ್ಲ.

ನರಸಿಂಹ ಮಾಸ್ತರರಿಗೆ ಇದು ಗೊತ್ತಾದದ್ದೇ ಹುರುಪು ಬಂತು. ರಿಟಾಯರ್ ಆದ ಮೇಲೆ ಅವರು ಬರೆದ ಮೊದಲ ಅರ್ಜಿ ಇದು. ಎರಡು ಪುಟ. 'ಮೂಕ ಪ್ರಾಣಿಗಳ ಮೇಲೆ ನಡೆದ ಘೋರ ಅನ್ಯಾಯ' ಎಂದು ಶುರು. "ಮೊದಲ ಸಹಿ ನಿಂದ, ಶೇಖಸಾಬ. ನೀನು ಪೀಡಿತ."

"ನನ್ನ ಕೈಲಿ ಆಗಂಗಿಲ್ರಿ, ಮಾಸ್ತರ."

"ಎಡಗೈ ಹೆಬ್ಬೆಟ್ಟು ಒತ್ತು."

ಒತ್ತಿದ. ಐದು ಗಂಟೆಗೆ ಚಾವಡಿಯ ಮುಂದೆ ಊರೇ ಸೇರಿತು. ಚೇರಮನ್ನರು ಟೋಪಿ ಸರಿ ಮಾಡಿಕೊಂಡು ಅರ್ಜಿ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಗಂಟಾಯಿತು. "ನಾಯಿಗೆ ಬಾವು ಬಂದದ್ದಕ್ಕ ಇಷ್ಟ ಮಂದಿ ಕೂಡಬೇಕೇನು?" ಎಂದರು.

ಆಗ ಸಕ್ರಪ್ಪ ಎದ್ದು ನಿಂತ. ಸಭೆಯಲ್ಲಿ ಅವನು ಎಂದೂ ಮಾತಾಡಿದವನಲ್ಲ.

"ಮೂರು ವರ್ಷದ ಹಿಂದ ನನಗೂ ಹಿಂಗ ಬಾವು ಬಂದಿತ್ರಿ," ಎಂದ. "ಹದಿನೈದು ದಿವಸ ಕುಂಡ್ರಾಕ ಆಗಲಿಲ್ಲ, ಮಲಗಾಕ ಆಗಲಿಲ್ಲ. ಒಂದು ಡಬ್ಬಿ ತುಪ್ಪಾ ಕೊಟ್ಟು ಕಳಿಸಿದ್ರು. ಹೆಂಗದೀಪಾ ಅಂತ ಒಬ್ಬರೂ ತಿರುಗಿ ಬಂದು ಕೇಳಲಿಲ್ಲ. ನಾಚಿಕೀಗೆ ನಾನೂ ಯಾರ ಮುಂದೂ ಹೇಳಲಿಲ್ಲ. ಇವತ್ತ ಈ ನಾಯಿ ಮಾರಿ ನೋಡಿ ಹೇಳಾಕತ್ತೀನಿ."

ಯಾರೂ ನಗಲಿಲ್ಲ. ಮಾಸ್ತರರು ತಮ್ಮ ಚಪ್ಪಲಿ ನೋಡುತ್ತ ನಿಂತರು. ಹಿಂದಿನ ಸಾಲಿನಿಂದ ಇನ್ನೊಬ್ಬ ಎದ್ದ, ಮತ್ತೊಬ್ಬ ಎದ್ದ. ಒಂಬತ್ತು ಮಂದಿ ನಿಂತರು.

ಚೇರಮನ್ನರು ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಕಡೆಗೆ ಅರ್ಜಿ ಮಡಿಚಿ ಜೇಬಿನಲ್ಲಿಟ್ಟರು. "ನೀವು ಹೇಳೋದು ಖರೆ ಐತಿ. ಮೂಕ ಜೀವಕ್ಕ ಹಿಂಸಾ ಕೊಡಬಾರದು. ಇಂಜೆಕ್ಷನ್ ಇವತ್ತಿಗೆ ಬಂದ್. ಆ ಡಾಕ್ಟರನ್ನ ಈ ಊರಿಗೆ ಕಾಲಿಡಗೊಡಂಗಿಲ್ಲ."

ಚಪ್ಪಾಳೆ ಬಿತ್ತು. ಯಾರೋ ಶೇಖಸಾಬನ ಬೆನ್ನು ತಟ್ಟಿದರು. ಅವನ ಹೆಬ್ಬೆಟ್ಟಿನಿಂದ ಏನಾದರೂ ಆದದ್ದು ಇದೇ ಮೊದಲು. ಕಣ್ಣು ತುಂಬಿ ಬಂತು. ಗಾದಿ ಹೋಯಿತು, ಕೈ ಹೋಯಿತು, ಆದರೆ ಇದು ಆಯಿತಲ್ಲ ಎಂದುಕೊಂಡ.

ಚೇರಮನ್ನರು ಕೈ ಎತ್ತಿದರು. "ಕೇಳ್ರಿ. ನಾಯಿ ಅಂತೂ ಕಡಿಮಿ ಆಗಬೇಕು, ಅದರಾಗ ಎರಡು ಮಾತಿಲ್ಲ. ನಾಳೆ ಮುಂಜಾನಿಂದ ಹಳೇ ಪದ್ಧತಿ. ಗೋಣೆಪ್ಪ ಔಷಧದ ಉಂಡಿ ಹಾಕ್ತಾನ. ಒಂದ ಗಳಿಗಿ ಕೆಲಸ. ಬಾವಿಲ್ಲ, ಜ್ವರ ಇಲ್ಲ, ಹಿಂಸಾ ಇಲ್ಲ. ಗ್ವಾಡಿ, ಬಾಗಿಲ ಇರೋ ಅಂಗಳದಾಗ ಕಟ್ಟಿದ್ದ ನಾಯಿ ಬಿಡ್ತೀವಿ. ಓಣ್ಯಾಗ ಕಂಡದ್ದು ಉಳಿಯಂಗಿಲ್ಲ."

ಚಪ್ಪಾಳೆ ಹೊಡೆದ ಕೈಗಳು ಅಲ್ಲೇ ನಿಂತವು. ಅರ್ಜಿಯಲ್ಲಿ ಬೇಡಿದ್ದೆಲ್ಲ ಸಿಕ್ಕಿತ್ತು. ಇನ್ನೇನು ಕೇಳಬೇಕೆಂದು ಮಾಸ್ತರರಿಗೂ ಹೊಳೆಯಲಿಲ್ಲ.

ಮಂದಿ ಚದುರಿದರು. ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿದವು. ಅಂಗಳವೆಂದರೆ ಓಣಿಯೇ. ಹತ್ತಿ ಗಾಳಿಗೆ ಹಾರಬಾರದೆಂದು ಆಳೆತ್ತರದ ಗೋಡೆ ಎತ್ತಿ ಬಾಗಿಲು ಹಚ್ಚಿದ್ದು ಶೇಖಸಾಬನ ಅಂಗಳ ಒಂದೇ. ಅವನು ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ರಹಿಮತಬಿ ಬಾಗಿಲಲ್ಲಿದ್ದಳು. ಸೆರಗಿನ ತುದಿಗೆ ಕಟ್ಟಿದ ಒಂದು ಕೆಂಚು ನಾಯಿ.

"ಇದು ನಮ್ಮ ಮನೀ ಮಗಾ ಇದ್ದಂಗ, ಶೇಖಣ್ಣಾ."

"ಮುಂಜಾನೆ ಹೊಡದ ಹಾಕ್ರಿ ಅಂದಿದ್ದೆಲ್ಲವ್ವಾ."

"ಅದು ನಿಮ್ಮದಕ್ಕ ಅಂದದ್ದು."

ಅವಳ ಹಿಂದೆ ಸಕ್ರಪ್ಪ ಬಂದ, ಅಗಸಿಯ ಕೆಳಗೆ ತೆವಳುತ್ತಿದ್ದ ನಾಯಿಯನ್ನು ಎತ್ತಿಕೊಂಡು. ಶೇಖಸಾಬ ಬಾಗಿಲು ಪೂರ್ತಿ ತೆರೆದ. ಆಮೇಲೆ ಬಾವಿನ ನಾಯಿಗಳು ಬಂದವು, ಬಾವಿಲ್ಲದವೂ ಬಂದವು. ಭಾನುವಾರ ಜೀಪಿನ ಮುಂದೆ, "ಇದು ನಮ್ಮದಲ್ರಿ," ಎಂದು ಆಣೆ ಹಾಕಿದವರೆಲ್ಲ ಈಗ ಹಗ್ಗ ಹಿಡಿದು ನಿಂತಿದ್ದರು. ಮಾಸ್ತರರೂ ಒಂದು ಮುದಿ ನಾಯಿ ತಂದರು. ರೊಟ್ಟಿಯ ಗಂಟೂ ಜೊತೆಗಿತ್ತು. "ನಾ ದಿನಾ ರೊಟ್ಟಿ ತಂದು ಹಾಕ್ತೀನಿ, ಶೇಖಸಾಬ," ಎಂದರು. ಅವರ ದನಿಯಲ್ಲಿ ತರಗತಿ ಇರಲಿಲ್ಲ.

ಇಲ್ಲ ಅನ್ನಬೇಕೆಂದು ಶೇಖಸಾಬ ಪ್ರತಿ ಸಲವೂ ಬಾಯಿ ತೆರೆದ. ಪ್ರತಿ ಸಲವೂ, "ಆತು, ಅಲ್ಲೆ ಕಟ್ರಿ," ಎಂಬುದೇ ಹೊರಬಿತ್ತು.

ಬಾನುಬಿ ಹತ್ತಿಯ ಮೂಟೆಗಳನ್ನು ಒಂದೊಂದಾಗಿ ಅಡುಗೆಮನೆಗೆ ಸಾಗಿಸಿದಳು. ಮೋತಿಬಿ ನಮಾಜಿನ ಚಾಪೆಯನ್ನು ಪಡಸಾಲೆಯಿಂದ ಒಳಕೋಣೆಗೆ ಒಯ್ದಳು. ಬಾಗಿಲು ಹಾಕುವ ಮೊದಲು ತಿರುಗಿ, "ಎಲ್ಲಾದಕ್ಕೂ ನೀರು ಇಟ್ಟೀಯೇನು?" ಎಂದು ಕೇಳಿದಳು.

ಹೊತ್ತು ಮುಳುಗುವಾಗ ಅಂಗಳದಲ್ಲಿ ಎಂಟು ನಾಯಿಗಳಿದ್ದವು. ಶೇಖಸಾಬ ಬಾಗಿಲಿಗೆ ಅಗುಳಿ ಹಾಕಲು ಹೋದಾಗ ಹೊರಗಿನಿಂದ ಯಾರೋ ಮೆಲ್ಲಗೆ ತಳ್ಳಿದರು. ಗೋಣೆಪ್ಪ. ಒಂದು ಕೈಯಲ್ಲಿ ಉಂಡೆ ಕಟ್ಟಲು ಚೇರಮನ್ನರ ಮನೆಯಿಂದ ತಂದ ಹಿಟ್ಟಿನ ಡಬ್ಬಿ. ಇನ್ನೊಂದು ಕೈಯಲ್ಲಿ ಹಗ್ಗ.

"ಶೇಖಣ್ಣಾ, ನಂದೂ ಒಂದೈತಿ," ಎಂದ. "ನಾಳೆ ಉಂಡಿ ಹಾಕಂವ ನಾನ. ಇದು ಊರ ತುಂಬ ನನ್ನ ಬೆನ್ನ ಹಿಂದ ತಿರಗತೈತಿ. ಎಲ್ಲಾಕಿಂತ ಮೊದಲ ಇದ ತಿಂತೈತಿ."

ಶೇಖಸಾಬ ಹಗ್ಗದ ತುದಿಯ ಬಿಳಿ ನಾಯಿಯನ್ನು ನೋಡಿದ. ಅದರ ಹೊಟ್ಟೆ ನೆಲಕ್ಕೆ ಜೋಲುತ್ತಿತ್ತು.

"ಇದಕ್ಕೂ ಬಾವೇನೋ, ಗೋಣೆಪ್ಪಾ?"

"ಬಾವಲ್ಲೋ ಯಣ್ಣಾ. ಇದು ಹೆಣ್ಣು. ಶುಕ್ರವಾರದೊಳಗ ಈಯತೈತಿ."

ಶೇಖಸಾಬ ಬಾಗಿಲ ಚೌಕಟ್ಟಿಗೆ ಒರಗಿಕೊಂಡ.

"ಎಷ್ಟು ಈಯತೈತಿ?"

ಗೋಣೆಪ್ಪ ಡಬ್ಬಿ ಕೆಳಗಿಟ್ಟು, ಸಂಕೋಚದಿಂದ ತಲೆ ಕೆರೆದುಕೊಂಡ.

"ಹ್ವಾದ ಸಲ ಒಂಬತ್ತು."